ಕೋಡಿಪೇಟೆಯ ಮುಯ್ಯಿ

ಜ್ವರ ಅಳೆಯುವುದಕ್ಕೆ ಕಡ್ಡಿ ಇದೆ, ರಕ್ತದೊತ್ತಡ ಅಳೆಯುವುದಕ್ಕೆ ಪಟ್ಟಿ ಇದೆ. ಹಾಗೆಯೇ ಮನುಷ್ಯನ ತಲೆಯೊಳಗಿನ ಹಂಗನ್ನು ಅಳೆಯುವುದಕ್ಕೂ ಒಂದು ಯಂತ್ರ ಇದ್ದರೆ ಹೇಗೆ ಎಂದು ಒಬ್ಬರಿಗೆ ಹೊಳೆಯಿತು. ಹೊಳೆದದ್ದನ್ನು ಹೊಳೆದಷ್ಟಕ್ಕೇ ಬಿಟ್ಟು ಕಾಫಿ ಕುಡಿದು ಮಲಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಡಾ. ಇಂದ್ರಾಣಿ ಹಿಡಿದದ್ದನ್ನು ಬಿಡುವ ಹೆಂಗಸಲ್ಲ. ಹತ್ತು ವರ್ಷ ಪಟ್ಟು ಹಿಡಿದು ಯಂತ್ರವನ್ನು ಮಾಡಿಯೇ ಬಿಟ್ಟಳು.

ಹಂಗುಮಾಪಕ ಎಂದು ಅದರ ಹೆಸರು. ಎಡಗಿವಿಯ ಹಿಂದೆ ಅಂಟಿಸುವ, ಮೆಣಸಿನ ಕಾಳಿನಷ್ಟು ದೊಡ್ಡ ಕಪ್ಪು ಬಿಲ್ಲೆ. ಜನ ಅದನ್ನು ದೃಷ್ಟಿಬೊಟ್ಟು ಎಂದೇ ಕರೆದರು. ನಮಗೆ ಉಪಕಾರ ಮಾಡಿದವರ ಮುಖ ಕಣ್ಣೆದುರು ಬಂದ ಕೂಡಲೇ ಮೆದುಳಿನ ಆಳದಲ್ಲಿ ಒಂದು ಸಣ್ಣ ಜಾಗ ಬೆಚ್ಚಗಾಗುತ್ತದೆ. ಬಾಯಿ ಏನೇ ಹೇಳಲಿ, ಆ ಜಾಗಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಬಿಲ್ಲೆ ಆ ಬಿಸುಪನ್ನು ಓದಿ ಸೊನ್ನೆಯಿಂದ ನೂರರ ನಡುವೆ ಒಂದು ಅಂಕಿಯನ್ನು ಕೊಡುತ್ತದೆ.

ಪೂರ್ವ ಪ್ರಾಂತ್ಯದಲ್ಲಿ ಆಗ ಚುನಾವಣೆಯ ದೇಣಿಗೆ ಅಂದರೆ ಜನ ಮೂಗು ಮುಚ್ಚಿಕೊಳ್ಳುವ ಕಾಲ. ಕಂಪನಿಗಳು ಕೊಡುತ್ತಿದ್ದವು, ಪಕ್ಷಗಳು ತಿನ್ನುತ್ತಿದ್ದವು, ಮಸೂದೆಗಳು ಕೊಟ್ಟವರ ಕಡೆಗೆ ವಾಲುತ್ತಿದ್ದವು. ರಸ್ತೆಗಿಳಿದ ಜನರ ಬಾಯಿ ಮುಚ್ಚಿಸಲು ಸದಾಚಾರ ಕಾಯಿದೆ ಬಂತು. ದೇಣಿಗೆಯನ್ನು ಯಾರಿಂದ ಬೇಕಾದರೂ ಪಡೆಯಿರಿ, ಆದರೆ ಮತ ಹಾಕುವ ಮೊದಲು ಆ ಮಸೂದೆಯಿಂದ ಲಾಭ ನಷ್ಟ ಆಗುವವರ ಮುಖಗಳನ್ನು ನಿಮಗೆ ತೋರಿಸುತ್ತೇವೆ, ಹಂಗು ನಲವತ್ತು ದಾಟಿದರೆ ಎದ್ದು ಆಚೆ ಹೋಗಬೇಕು. ಇಷ್ಟೇ ನಿಯಮ. ಓದಿದರೆ ಎಷ್ಟು ಚೆಂದ! ಇಂದ್ರಾಣಿಯನ್ನು ಕರೆತಂದು ಸದಾಚಾರ ಆಯೋಗದ ಮುಖ್ಯ ವಿಜ್ಞಾನಿ ಮಾಡಿದರು. ಶಾಲು ಹೊದಿಸಿದರು, ಹಾರ ಹಾಕಿದರು, ಪತ್ರಿಕೆಗಳು ಅವಳ ಫೋಟೋ ಹಾಕಿ ಹೊಗಳಿದವು.

ಜನಸಭೆಯ ಸಭಾಂಗಣದ ಕೆಳಗೆ, ಕಿಟಕಿಯಿಲ್ಲದ ಒಂದು ತಣ್ಣನೆಯ ಕೋಣೆಯಲ್ಲಿ ಅವಳ ಪರದೆಗಳಿದ್ದವು. ಅವತ್ತು ಬೆಳಿಗ್ಗೆ ಕೋಡಿಪೇಟೆ ಕೆರೆಯ ಮಸೂದೆ ಮೊದಲ ಸುತ್ತಿನ ಮತಕ್ಕೆ ಬಂದಿತ್ತು. ಕೆರೆಯ ನೀರನ್ನೆಲ್ಲ ಮೂವತ್ತು ವರ್ಷದ ಮಟ್ಟಿಗೆ ಧವಳಾದ್ರಿ ಬ್ಯಾಟರಿ ಕಾರ್ಖಾನೆಗೆ ಬಿಟ್ಟುಕೊಡುವ ಮಸೂದೆ ಅದು. ಕೋಡಿಪೇಟೆ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವವರ ಊರು. ನೀರಿಲ್ಲದಿದ್ದರೆ ಅಲ್ಲಿ ಒಲೆಯೇ ಹೊತ್ತುವುದಿಲ್ಲ. ಆ ಊರಿನ ಸದಸ್ಯೆ ಮಾಲಿನಿ, ಇಂದ್ರಾಣಿಯ ಒಡಹುಟ್ಟಿದ ತಂಗಿ.

ಪರದೆಯ ಮೇಲೆ ಮೊದಲು ಧವಳಾದ್ರಿಯ ಮಾಲೀಕನ ಮುಖ ಬಂತು. ಅವನಿಂದ ದೇಣಿಗೆ ತೆಗೆದುಕೊಂಡಿದ್ದೇವೆಂದು ತಾವೇ ಘೋಷಿಸಿಕೊಂಡ ಸದಸ್ಯರು ಸಾಲಾಗಿ ಕೂತಿದ್ದರು. ಅವರಲ್ಲಿ ಎಲ್ಲರಿಗಿಂತ ಹೆಚ್ಚು ತೆಗೆದುಕೊಂಡ ಚೌಡಪ್ಪನ ಕುರ್ಚಿಯ ಮೇಲೆ ಸೊನ್ನೆ ಮೂಡಿತು. ಅವನ ಪಕ್ಕದವನದೂ ಸೊನ್ನೆ. ಅದರಾಚೆಯವನದೂ ಸೊನ್ನೆ. ಆಮೇಲೆ ಕೋಡಿಪೇಟೆಯವರ ಮುಖಗಳು ಬಂದವು: ಗೂಡಿನ ಮಾರುಕಟ್ಟೆಯ ಹಮಾಲಿಗಳು, ಬಾಣಲೆ ಮುಂದೆ ಕೂತು ಬೆರಳ ತುದಿ ಬಿಳಿಚಿಕೊಂಡ ಹೆಂಗಸರು. ಮಾಲಿನಿಯ ಕುರ್ಚಿಯ ಮೇಲೆ ಅಂಕಿ ಏರುತ್ತಾ ಹೋಗಿ ಎಂಬತ್ತಾರಕ್ಕೆ ನಿಂತಿತು. ಕುರ್ಚಿಯ ಅಂಚಿನ ದೀಪ ಕೆಂಪಾಯಿತು.

ಮಾಲಿನಿ ಸೆರಗು ಸರಿಮಾಡಿಕೊಂಡು ಎದ್ದಳು. ಬಾಗಿಲ ಬಳಿ ನಿಂತು ಮೇಲಿನ ಕ್ಯಾಮೆರಾದ ಕಡೆ ಒಂದು ಸಲ ನೋಡಿ ಹೊರಗೆ ಹೋದಳು. ಅಕ್ಕ ಆ ಕಡೆ ಕೂತಿದ್ದಾಳೆಂದು ಅವಳಿಗೆ ಗೊತ್ತಿತ್ತು. ಇಂದ್ರಾಣಿ ನಿಯಮದಂತೆ ಆ ಅಂಕಿಗೆ ಒಪ್ಪಿಗೆಯ ಗುಂಡಿ ಒತ್ತಿದಳು.

ಅಧಿವೇಶನ ನಡೆಯುವಷ್ಟು ದಿನ ಮಾಲಿನಿಯ ಬಿಡಾರ ಅಕ್ಕನ ಮನೆಯಲ್ಲೇ. ತಾಯಿ ತೀರಿಕೊಂಡಾಗ ಮಾಲಿನಿ ಇನ್ನೂ ಜಡೆ ಹೆಣೆದುಕೊಳ್ಳಲು ಬಾರದ ಹುಡುಗಿ. ಅವಳನ್ನು ಎತ್ತಿ ಆಡಿಸಿದ್ದು, ಓದಿಸಿದ್ದು, ಅವಳ ಸಲುವಾಗಿ ತನಗೆ ಬಂದ ಗಂಡುಗಳನ್ನು ಬೇಡವೆಂದು ತನ್ನ ಮದುವೆಯನ್ನು ಮುಂದೂಡಿ ಕೊನೆಗೆ ಮರೆತೇಬಿಟ್ಟದ್ದು ಎಲ್ಲಾ ಇಂದ್ರಾಣಿ. ಇದನ್ನು ಇಬ್ಬರೂ ಒಂದು ದಿನವೂ ಬಾಯಿ ಬಿಟ್ಟು ಆಡಿಕೊಂಡವರಲ್ಲ. ಅಕ್ಕ ಮುದ್ದೆ ತಿರುವಿದರೆ ತಂಗಿ ತಟ್ಟೆ ಹಿಡಿದು ನಿಲ್ಲುತ್ತಿದ್ದಳು, ಅಷ್ಟೇ.

ಅವತ್ತು ಸಂಜೆಯೂ ಹಾಗೇ ನಿಂತಿದ್ದಳು. ಆದರೆ ಮುಖ ಊದಿಕೊಂಡಿತ್ತು.

"ಎಷ್ಟು ತೋರಿಸ್ತು?"

"ಎಂಬತ್ತಾರು."

"ಆ ಚೌಡಪ್ಪಂಗೆ?"

ಇಂದ್ರಾಣಿ ಬಸ್ಸಾರು ಬಡಿಸುತ್ತಾ ತಲೆ ಎತ್ತದೆ ಹೇಳಿದಳು. "ಸೊನ್ನೆ."

"ಸೊನ್ನೆ! ಧವಳಾದ್ರಿಯವನ ಕಾರಲ್ಲಿ ಬಂದು ಇಳಿಯೋನಿಗೆ ಸೊನ್ನೆ. ನಮ್ಮೂರ ಹೆಂಗಸರು ಸೆರಗಿನ ಗಂಟು ಬಿಚ್ಚಿ ಕೊಟ್ಟಿದ್ದಕ್ಕೆ ನಂಗೆ ಎಂಬತ್ತಾರು. ನಿನ್ನ ಯಂತ್ರಕ್ಕೆ ಮಾನ ಮರ್ಯಾದೆ ಇದ್ಯೇನಕ್ಕ?"

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಚುನಾವಣೆಗೆ ನಿಂತಾಗ ಮಾಲಿನಿ ಯಾವ ಕಂಪನಿಯ ಬಾಗಿಲಿಗೂ ಹೋಗಲಿಲ್ಲ. ಹಾಗಾದರೆ ಖರ್ಚಿಗೆ ಏನು ಮಾಡುವುದು? ಕೋಡಿಪೇಟೆಯವರು ತಮಗೆ ತಿಳಿದ ದಾರಿ ಹಿಡಿದರು. ಗೂಡಿನ ಮಾರುಕಟ್ಟೆಯ ಮುಂದೆ ಚಪ್ಪರ ಹಾಕಿ, ಮಾಲಿನಿಯನ್ನು ಹಸೆಮಣೆಯ ಮೇಲೆ ಕೂರಿಸಿ, ಮದುವೆಯಲ್ಲಿ ಮಾಡುವ ಹಾಗೆ ಹಿತ್ತಾಳೆ ತಟ್ಟೆ ತಿರುಗಿಸಿದರು. ಮದುವೆಗಿಲ್ಲದ ಮುಯ್ಯಿ ಚುನಾವಣೆಗೆ! ನಕ್ಕವರೂ ಇದ್ದರು. ಆದರೆ ನೂಲು ಬಿಚ್ಚುವ ಅಶ್ವತ್ಥಮ್ಮ ಮೊದಲಿಗೆ ಬಂದು, ದುಡ್ಡಿಲ್ಲ ತಾಯಿ ಎಂದು, ಆ ದಿನದ ಮೊದಲ ರೇಷ್ಮೆ ಲಡಿಯನ್ನೇ ತಟ್ಟೆಗೆ ಹಾಕಿದ ಮೇಲೆ ನಗು ನಿಂತಿತು.

ಮುಯ್ಯಿಗೆ ಆ ಸೀಮೆಯಲ್ಲಿ ಒಂದು ಕಟ್ಟುಪಾಡಿದೆ. ಹಾಕಿಸಿಕೊಂಡವರು ಹಾಕಿದವರ ಮನೆಯ ಶುಭಕಾರ್ಯಕ್ಕೆ ಹೋಗಿ ಹಿಂದಿರುಗಿಸಬೇಕು, ಅದೂ ಒಂದು ಚೂರು ಹೆಚ್ಚಿಗೆ ಸೇರಿಸಿ. ಸರಿಸಮ ಹಾಕಿದರೆ ಲೆಕ್ಕ ಚುಕ್ತಾ ಆಯಿತು, ನಂಟು ಮುಗಿಯಿತು ಎಂದರ್ಥ. ಆ ಹೆಚ್ಚಿಗೆಯ ಚೂರು ಇದೆಯಲ್ಲ, ಅದು ಮತ್ತೆ ಆ ಕಡೆಯವರ ತಲೆಗೆ ಬರುತ್ತದೆ. ಹೀಗೆ ಅಲ್ಲಿ ಎಲ್ಲರೂ ಎಲ್ಲರ ಹಂಗಿನಲ್ಲೇ ಹುಟ್ಟಿ, ಹಂಗಿನಲ್ಲೇ ಬದುಕಿ, ಯಾರಿಗೂ ಅದು ಭಾರ ಅನ್ನಿಸದೆ ಸಾಯುತ್ತಾರೆ.

"ಒಂದು ವಿಷಯ ಹೇಳ್ತೀನಿ, ಬೈಬೇಡ," ಅಂದಳು ಇಂದ್ರಾಣಿ. "ಯಂತ್ರಕ್ಕೆ ಅಳತೆ ಕೂರಿಸೋವಾಗ ನೂರು ಅಂದ್ರೆ ಎಷ್ಟು ಅಂತ ಗೊತ್ತಾಗಬೇಕಿತ್ತು. ಆಗ ನಮ್ಮೂರಿಗೇ ಹೋಗಿದ್ದೆ. ಇನ್ನೂ ತೀರಿಸದ ಮುಯ್ಯಿ ಯಾರ್ದು ಅಂತ ನೆನೆಸ್ಕೊಳ್ಳಿ ಅಂದೆ. ಎಲ್ರ ತಲೆಯೊಳಗೂ ಆ ಜಾಗ ದೀಪ ಹಚ್ಚಿದ ಹಾಗೆ ಹೊಳೀತು. ಅದನ್ನೇ ನೂರು ಅಂತ ಗುರುತು ಮಾಡಿದೆ."

ಮಾಲಿನಿಯ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. "ಅಂದ್ರೆ ನಮ್ಮೂರವರ ಮನಸ್ಸನ್ನೇ ಅಳತೆಗೋಲು ಮಾಡ್ಕೊಂಡು, ನಮ್ಮೂರವಳನ್ನೇ ಆಚೆ ಕಳಿಸ್ತಿದ್ದೀಯಾ?"

"ಹಂಗು ಅಂದ್ರೆ ನಂಗೆ ಗೊತ್ತಿದ್ದಿದ್ದು ಅದೊಂದೇ ಕಣೇ."

ಇದು ನಿಜವಾದ ಮಾತು. ಲಂಚದ ಹಂಗು ಬೇರೆ, ಮುಯ್ಯಿಯ ಹಂಗು ಬೇರೆ ಇರಬಹುದೆಂದು ಇಂದ್ರಾಣಿಗೆ ಹೊಳೆದೇ ಇರಲಿಲ್ಲ. ಹೊಳೆಯುವುದಾದರೂ ಹೇಗೆ? ಅವಳು ಹುಟ್ಟಿದ ಊರಿನಲ್ಲಿ ಇದ್ದದ್ದು ಒಂದೇ ಬಗೆ.

ಮರುದಿನ ಅವಳ ತಲೆಯಲ್ಲಿ ಕೊರೆಯುತ್ತಿದ್ದದ್ದು ಎಂಬತ್ತಾರಲ್ಲ, ಆ ಸೊನ್ನೆಗಳು. ಹಂಗು ಕಡಿಮೆ ಇರಬಹುದು, ಆದರೆ ಪೂರಾ ಸೊನ್ನೆ ಬರುವುದು ಹೇಗೆ? ಅಂಗಡಿಯವನು ಚಿಲ್ಲರೆ ಕೊಟ್ಟರೂ ಮನುಷ್ಯನ ತಲೆಯಲ್ಲಿ ಎರಡೋ ಮೂರೋ ಕಾಣಬೇಕು. ಬಿಲ್ಲೆ ಕೆಟ್ಟಿರಬೇಕೆಂದು ಚೌಡಪ್ಪನನ್ನು ಪ್ರಯೋಗಾಲಯಕ್ಕೆ ಕರೆಸಿ ಹೊಸದನ್ನು ಅಂಟಿಸಿದಳು.

ಪ್ರಮಾಣವಚನದ ದಿನ ಪ್ರತಿ ಸದಸ್ಯರೂ ತಾವು ಅತ್ಯಂತ ಹೆಚ್ಚು ಋಣಿಯಾಗಿರುವ ಒಬ್ಬರ ಫೋಟೋ ಕೊಡಬೇಕು. ಅದಕ್ಕೆ ಮೂಲಮುಖ ಎನ್ನುತ್ತಾರೆ. ಬಿಲ್ಲೆ ಸರಿಯಾಗಿದೆಯೋ ಇಲ್ಲವೋ ನೋಡಲು ಆ ಮುಖ ತೋರಿಸಿ ಪರೀಕ್ಷಿಸುವುದು ವಾಡಿಕೆ. ಚೌಡಪ್ಪ ಕೊಟ್ಟಿದ್ದು ತಾಯಿಯ ಫೋಟೋ. ಕೂಲಿ ಮಾಡಿ ಸಾಕಿದ ತಾಯಿ. ಪ್ರಮಾಣವಚನದ ದಿನ ಆ ಮುಖ ನೋಡಿ ಅವನ ಅಂಕಿ ಎಪ್ಪತ್ತು ದಾಟಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ಈಗ ಅದೇ ಮುಖ ಪರದೆಯ ಮೇಲೆ ಬಂತು. ಚೌಡಪ್ಪ ಬಸ್‌ಸ್ಟ್ಯಾಂಡಿನ ಗೋಡೆ ನೋಡುವವನಂತೆ ನೋಡಿದ. ಸೊನ್ನೆ.

"ತಾಯಿ ಹೇಗಿದ್ದಾರೆ?" ಇಂದ್ರಾಣಿ ಸುಮ್ಮನೆ ಕೇಳಿದಳು.

"ತೀರ್ಕೊಂಡ್ರು, ಹೋದ ತಿಂಗಳು," ಅಂದ ಚೌಡಪ್ಪ. "ಅಧಿವೇಶನ ಇತ್ತಲ್ಲ, ಹೋಗೋಕಾಗ್ಲಿಲ್ಲ. ತಮ್ಮ ಎಲ್ಲಾ ಮಾಡ್ದ. ಆಯ್ತಾ ಮೇಡಂ? ಥ್ಯಾಂಕ್ಸ್."

ಅವನು ನಕ್ಕ. ಆ ನಗುವಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಏನೂ ಇರಲಿಲ್ಲ.

ಸೊನ್ನೆ ಬಂದ ಸದಸ್ಯರೆಲ್ಲ ಹೋಗಿ ಬಂದ, ನಿರಾಳ ಎಂಬ ಹೆಸರಿನ ಆಸ್ಪತ್ರೆಯ ವಿಷಯ ಅವಳಿಗೆ ಗೊತ್ತಾದದ್ದು ಆ ಮೇಲೆ. ತಲೆಗೆ ಕಾಂತದ ಟೋಪಿ ಹಾಕಿ ಕೂರಿಸುತ್ತಾರೆ, ನೋವಿಲ್ಲ, ಗಾಯವಿಲ್ಲ. ಮೂರು ಸಲ ಕೂತರೆ ಬೆಚ್ಚಗಾಗುವ ಆ ಸಣ್ಣ ಜಾಗ ತಣ್ಣಗಾಗುತ್ತದೆ. ಆ ಜಾಗ ಎಲ್ಲಿದೆ ಎಂದು ಅವರಿಗೆ ಹೇಳಿಕೊಟ್ಟವರು ಯಾರು? ಇಂದ್ರಾಣಿಯೇ. ಅವಳ ಪ್ರಬಂಧದಲ್ಲಿ ಚಿತ್ರ ಸಮೇತ ಎಲ್ಲವೂ ಇತ್ತು.

ಅವಳು ಆಯೋಗದ ಅಧ್ಯಕ್ಷರ ಕೋಣೆಗೆ ಓಡಿದಳು. ನಿವೃತ್ತ ನ್ಯಾಯಮೂರ್ತಿ ವೃಷಭೇಂದ್ರಯ್ಯ ಮೃದು ಮಾತಿನ ಹಿರಿಯರು. ಅವರ ಮೇಜಿನ ಹಿಂದೆ ತೀರಿಕೊಂಡ ಹೆಂಡತಿಯ ಫೋಟೋ ಇತ್ತು. ಅದಕ್ಕೆ ದಿನಾ ಬೆಳಿಗ್ಗೆ ತಾವೇ ಮಲ್ಲಿಗೆ ಹಾರ ತಂದು ಹಾಕುತ್ತಿದ್ದರು.

"ಸರ್, ಅವರು ಹಂಗನ್ನ ಬಿಡ್ತಿಲ್ಲ. ಹಂಗು ಹುಟ್ಟೋ ಜಾಗನೇ ಸುಟ್ಕೊಂಡು ಬರ್ತಿದ್ದಾರೆ. ದೇಣಿಗೆ ಮುಂಚಿಗಿಂತ ಹೆಚ್ಚು ತಗೋತಿದ್ದಾರೆ."

"ನಿಯಮ ಏನು ಹೇಳುತ್ತೆ ಡಾಕ್ಟರೇ? ನಲವತ್ತು ದಾಟಬಾರದು ಅಂತ. ಸೊನ್ನೆ ಇರಬಾರದು ಅಂತ ಎಲ್ಲಿದೆ, ತೋರಿಸಿ."

"ಹಂಗಿಲ್ಲದವನು ಕೊಟ್ಟವನ ಮಾತು ಯಾಕೆ ಕೇಳ್ತಾನೆ ಅಂತೀರಾ? ಮುಂದಿನ ಸಲಾನೂ ದುಡ್ಡು ಬೇಕಲ್ಲ, ಅದಕ್ಕೆ. ಅದು ಹಂಗಲ್ಲ ಸರ್, ವ್ಯಾಪಾರ. ನನ್ನ ಯಂತ್ರಕ್ಕೆ ವ್ಯಾಪಾರ ಕಾಣಲ್ಲ. ಅಳತೆ ಕೂರಿಸಿದ್ರಲ್ಲೇ ನನ್ನ ತಪ್ಪಿದೆ. ಅಂತಿಮ ಮತಕ್ಕೆ ಮುಂಚೆ ಬದಲಾಯಿಸೋಕೆ ಅಪ್ಪಣೆ ಕೊಡಿ."

"ಬದಲಾಯಿಸಿದ್ರೆ ಮೊದಲು ಉಪಯೋಗ ಆಗೋದು ಯಾರಿಗೆ?" ವೃಷಭೇಂದ್ರಯ್ಯ ಕನ್ನಡಕ ಒರೆಸಿಕೊಂಡರು. "ನಿಮ್ಮ ತಂಗಿಗೆ. ಜನ ಏನಂತಾರೆ ಯೋಚನೆ ಮಾಡಿ. ಸದಾಚಾರ ಆಯೋಗದಲ್ಲೇ ಸದಾಚಾರ ಇಲ್ಲ ಅನ್ನಲ್ವಾ?"

ಎದ್ದು ಹೊರಡುವಾಗ ಇಂದ್ರಾಣಿಯ ಕಣ್ಣು ಗೋಡೆಯ ಕಡೆ ಹೋಯಿತು. ಫೋಟೋದ ಮೇಲಿನ ಹಾರ ಒಣಗಿ ಕಂದಾಗಿ, ಹೂ ಉದುರಿ, ಬರೀ ದಾರ ಜೋತಾಡುತ್ತಿತ್ತು. ವೃಷಭೇಂದ್ರಯ್ಯ ಅವಳು ನೋಡಿದ್ದನ್ನು ನೋಡಿದರು. "ಓ, ಅದಾ? ಆಯೋಗದವರೇ ಮೊದಲು ಮಾದರಿ ಆಗಬೇಕು ಅಂತ ನಾನೂ ಮಾಡಿಸ್ಕೊಂಡೆ. ಬಹಳ ಹಗುರ ಅನ್ನಿಸುತ್ತೆ ಡಾಕ್ಟರೇ. ನೀವೂ ಒಮ್ಮೆ ಹೋಗಿ ಬನ್ನಿ."

ಮನೆಗೆ ಬಂದು ಇಂದ್ರಾಣಿ ಎಲ್ಲವನ್ನೂ ತಂಗಿಗೆ ಹೇಳಿದಳು. ಚೌಡಪ್ಪನ ತಾಯಿ, ಒಣಗಿದ ಹಾರ, ಕಾಂತದ ಟೋಪಿ. ಹೇಳಿದರೆ ಹೆದರುತ್ತಾಳೆ ಎಂದುಕೊಂಡಿದ್ದಳು. ಮಾಲಿನಿ ಗಲ್ಲಕ್ಕೆ ಕೈ ಕೊಟ್ಟು ಕೇಳಿಸಿಕೊಂಡು, ಬೇರೆಯೇ ಪ್ರಶ್ನೆ ಕೇಳಿದಳು.

"ಅಕ್ಕ, ಅಂತಿಮ ಮತದ ದಿನ ನನ್ನ ಅಂಕಿ ನೀನೇ ಒಂದು ಸಲ ಇಳಿಸಿಬಿಡು. ನಿಂಗೆ ಅದು ಒಂದು ಚಿಟಿಕೆ ಕೆಲಸ ಅಲ್ವಾ?"

ಇಂದ್ರಾಣಿ ಪಾತ್ರೆ ತೊಳೆಯುತ್ತಿದ್ದ ಕೈ ನಿಲ್ಲಿಸಿದಳು. ಅವಳಿಗೆ ಅದು ಚಿಟಿಕೆ ಕೆಲಸವೇ. ಆಗಲಿ ಎಂಬ ಮಾತು ಗಂಟಲವರೆಗೂ ಬಂದಿತ್ತು. ಆದರೆ ಜೀವಮಾನವೆಲ್ಲಾ ತಕ್ಕಡಿ ಹಿಡಿದ ಕೈ ಅದು. "ಆಗಲ್ಲ ಮಾಲು. ಇವತ್ತು ನಿಂಗೋಸ್ಕರ ಮಾಡಿದ್ರೆ ನಾಳೆ ಯಾವ ಮುಖ ಇಟ್ಕೊಂಡು ಚೌಡಪ್ಪನ್ನ ತಪ್ಪು ಅನ್ನಲಿ?"

"ಸರಿ ಬಿಡು. ನಾನು ಕೇಳಬಾರದಿತ್ತು." ಮಾಲಿನಿಯ ದನಿಯಲ್ಲಿ ಕೋಪವಿರಲಿಲ್ಲ. "ಹಾಗಾದ್ರೆ ನಾನೇ ಹೋಗಿ ಆ ಟೋಪಿ ಹಾಕಿಸ್ಕೊಂಡು ಬರ್ತೀನಿ."

"ಏನಂದೆ? ತಲೆ ಕೆಟ್ಟಿದ್ಯಾ ನಿಂಗೆ?"

"ಕೇಳು ಇಲ್ಲಿ. ನೆನಪು ಹೋಗಲ್ಲ ತಾನೆ? ಚೌಡಪ್ಪಂಗೆ ತಾಯಿ ಯಾರು ಅಂತ ಗೊತ್ತಿತ್ತು ತಾನೆ? ನಂಗೂ ಗೊತ್ತಿರುತ್ತೆ. ಕೆರೆ ನಮ್ಮೂರಿನದು, ಮಸೂದೆಗೆ ಇಲ್ಲ ಅನ್ನಬೇಕು. ಅಷ್ಟು ನೆನಪಿದ್ರೆ ಸಾಕು. ಒಳಗೆ ಬೆಚ್ಚಗಾದ್ರೆ ಎಷ್ಟು, ಬಿಟ್ರೆ ಎಷ್ಟು? ಗುಂಡಿ ಒತ್ತೋದು ಬೆರಳು ತಾನೆ?"

ಇಂದ್ರಾಣಿ ಬೈದಳು, ಅತ್ತಳು, ಸತ್ತ ತಾಯಿಯ ಆಣೆ ಹಾಕಿದಳು. ಮಾಲಿನಿಯದೂ ಅದೇ ಮನೆಯ ಹಟ. ಕೋಡಿಪೇಟೆಯ ಒಲೆಗಳು ಆರುವುದನ್ನು ಬಾಗಿಲಾಚೆ ನಿಂತು ನೋಡುವುದಕ್ಕೆ ತನಗೆ ಊರು ಮುಯ್ಯಿ ಹಾಕಲಿಲ್ಲ ಎಂದಳು. ಅಶ್ವತ್ಥಮ್ಮ ಕೊಟ್ಟ ಲಡಿಯನ್ನು ಅವಳು ಮಾರಿರಲಿಲ್ಲ, ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದಳು. ಅದರಿಂದ ಒಂದೆಳೆ ಬಿಚ್ಚಿ ಮುಂಗೈಗೆ ಸುತ್ತಿಕೊಂಡು, "ನೋಡು, ಮರೀದೆ ಇರ್ಲಿ ಅಂತ ಗುರುತೂ ಕಟ್ಕೊಂಡಿದ್ದೀನಿ, ಸಮಾಧಾನಾನಾ?" ಎಂದು ಅಕ್ಕನ ಕೆನ್ನೆ ಒರೆಸಿದಳು. ಆ ಕೈ ಎಷ್ಟು ಬೆಚ್ಚಗಿತ್ತೆಂದು ಇಂದ್ರಾಣಿಗೆ ಆಮೇಲೆ ಎಷ್ಟೋ ಸಲ ನೆನಪಾಯಿತು.

ಅಂತಿಮ ಮತದ ದಿನ ಬಂತು. ಇಂದ್ರಾಣಿ ತಣ್ಣನೆಯ ಕೋಣೆಯಲ್ಲಿ ತನ್ನ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅಂತಿಮ ಮತಕ್ಕೆ ಮಾತ್ರ ಮೊದಲು ಮೂಲಮುಖದ ಪರೀಕ್ಷೆ ಆಗಬೇಕೆಂಬ ನಿಯಮವಿತ್ತು. ಮಾಲಿನಿ ಪ್ರಮಾಣವಚನದ ದಿನ ಯಾರ ಫೋಟೋ ಕೊಟ್ಟಿದ್ದಳೆಂದು ಬೇರೆ ಹೇಳಬೇಕಾಗಿಲ್ಲ. ಪರದೆಯ ಮೇಲೆ ಇಂದ್ರಾಣಿಗೆ ತನ್ನದೇ ಮುಖ ಕಾಣಿಸಿತು, ಹಳೆಯ ಫೋಟೋ, ಕೂದಲು ಇನ್ನೂ ಕಪ್ಪಗಿದ್ದಾಗಿನದು. ಅವತ್ತು ಅದಕ್ಕೆ ಬಂದಿದ್ದ ಅಂಕಿ ತೊಂಬತ್ತಾರು. ಜನಸಭೆಯ ಇತಿಹಾಸದಲ್ಲೇ ಅಷ್ಟು ದೊಡ್ಡ ಅಂಕಿ ಇನ್ನೊಬ್ಬರಿಗೆ ಬಂದಿರಲಿಲ್ಲವೆಂದು ಅವಳು ಒಳಗೊಳಗೇ ಬೀಗಿದ್ದಳು.

ಈಗ ಸೊನ್ನೆ ಬಂತು.

ಗೊತ್ತಿದ್ದೂ ಕೂತವಳು ಅವಳು. ಆದರೂ ಪರದೆಯನ್ನು ಅಂಗೈಯಿಂದ ಮುಚ್ಚಿದಳು. ಇರಲಿ, ನನ್ನ ಮೇಲಿನದು ಹೋದರೆ ಹೋಗಲಿ, ಊರೊಂದು ಉಳಿದರೆ ಸಾಕು ಎಂದು ಮನಸ್ಸಿನಲ್ಲೇ ಜಪಿಸಿದಳು.

ಕೋಡಿಪೇಟೆಯವರ ಮುಖಗಳು ಒಂದೊಂದಾಗಿ ಬಂದವು. ಮಾಲಿನಿಯ ಕುರ್ಚಿಯ ದೀಪ ಹಸಿರಾಗಿಯೇ ಉಳಿಯಿತು. ಅಶ್ವತ್ಥಮ್ಮನ ಮುಖ ಬಂತು, ಆಗಲೂ ಹಸಿರು. ಸಭಾಪತಿಗಳು ಮತ ಹಾಕಿ ಎಂದರು. ಕ್ಯಾಮೆರಾದಲ್ಲಿ ಮಾಲಿನಿಯ ಕೈ ಸ್ಪಷ್ಟವಾಗಿ ಕಾಣುತ್ತಿತ್ತು, ಮುಂಗೈಯ ರೇಷ್ಮೆ ಎಳೆ ಸಮೇತ. ಅವಳು ಆ ಎಳೆಯನ್ನು ಒಂದು ಕ್ಷಣ ನೋಡಿದಳು. ಕಾಗದಗಳನ್ನು ತಿರುವಿ ಮತ್ತೆ ನೋಡಿದಳು. ಆಮೇಲೆ ನಿಧಾನವಾಗಿ, ಯಾವ ಗಡಿಬಿಡಿಯೂ ಇಲ್ಲದೆ, ಹೌದು ಎಂಬ ಗುಂಡಿ ಒತ್ತಿದಳು.

ಮಸೂದೆ ಗೆದ್ದಿತು. ಲೆಕ್ಕ ನೋಡಿದರೆ ಅವಳ ಮತ ಇಲ್ಲದಿದ್ದರೂ ಗೆಲ್ಲುತ್ತಿತ್ತು. ಮರುದಿನದ ಪತ್ರಿಕೆಗಳು, ಸ್ವಂತ ಊರಿನ ಹಂಗನ್ನೂ ಮೀರಿ ನಿಂತ ಸದಸ್ಯೆ ಎಂದು ಮಾಲಿನಿಯನ್ನು ಹಾಡಿ ಹೊಗಳಿದವು.

ಅವತ್ತು ಸಂಜೆ ಇಂದ್ರಾಣಿ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಕೇಳಿದಳು. "ಯಾಕೆ ಮಾಲು? ಮರೆತೋಯ್ತಾ?"

"ಇಲ್ಲವಲ್ಲ, ಎಲ್ಲಾ ನೆನಪಿತ್ತು," ಅಂದಳು ಮಾಲಿನಿ. ಅವಳ ಮುಖದಲ್ಲಿ ಮುಚ್ಚುಮರೆ ಇರಲಿಲ್ಲ. ಅರ್ಥ ಮಾಡಿಸಬೇಕೆಂಬ ತಾಳ್ಮೆಯಿತ್ತು. "ಕೈಲಿರೋ ಎಳೆ ನೋಡ್ದೆ. ಯಾಕೆ ಕಟ್ಕೊಂಡಿದ್ದೆ ಅನ್ನೋದೂ ನೆನಪಿತ್ತು. ಆದ್ರೆ ಅದೊಂದು ಕಾರಣ ಅಂತ ಅನ್ನಿಸ್ಲಿಲ್ಲ ಅಕ್ಕ. ಕಾಗದದಲ್ಲಿ ಕಾರ್ಖಾನೆಯವರ ಲೆಕ್ಕ ಸರಿಯಾಗಿತ್ತು. ಮುಂದಿನ ಚುನಾವಣೆಗೂ ಅವರು ನೆರವಾಗ್ತಾರಂತೆ. ಊರವರು ಏನು ಕೊಡೋಕಾಗುತ್ತೆ, ಇನ್ನೊಂದು ಲಡಿನಾ?"

"ಅಶ್ವತ್ಥಮ್ಮ ಏನಾಗ್ತಾಳೆ?"

"ಏನೋ ಒಂದು ಮಾಡ್ಕೋತಾಳೆ. ಅವಳು ಕೊಟ್ಟಿದ್ದು ಅವಳಿಷ್ಟ. ನಾನೇನು ಕೇಳಿದ್ನಾ?"

ಇಂದ್ರಾಣಿ ಮುದ್ದೆ ಬಡಿಸಿದಳು. ಮಾಲಿನಿ ಹಸಿವಿನಿಂದಲೇ ಉಂಡಳು, ತಟ್ಟೆಯನ್ನು ತಾನೇ ತೊಳೆದಿಟ್ಟಳು. ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅಕ್ಕನ ಕಡೆ ತಿರುಗಿ ನಕ್ಕು, "ಊಟ ಚೆನ್ನಾಗಿತ್ತು, ಥ್ಯಾಂಕ್ಸ್," ಅಂದಳು.

ಹುಟ್ಟಿದಾಗಿನಿಂದ ಆ ಮನೆಯಲ್ಲಿ ಯಾರೂ ಯಾರಿಗೂ ಆ ಮಾತು ಹೇಳಿರಲಿಲ್ಲ. ಲೆಕ್ಕ ಚುಕ್ತಾ ಆಯಿತು ಎಂದು ಇಂದ್ರಾಣಿಗೆ ಅನ್ನಿಸಿತು. ಅವಳು ನಲ್ಲಿ ಜೋರಾಗಿ ಬಿಟ್ಟುಕೊಂಡು, ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಆಮೇಲೆ ನಿರಾಳ ಆಸ್ಪತ್ರೆಯವರನ್ನು ಕೇಳಿದಳು, ಹೋದದ್ದು ವಾಪಸ್ ಬರುತ್ತದೆಯೇ ಎಂದು. ಇದುವರೆಗೆ ಯಾರೂ ವಾಪಸ್ ಬೇಕು ಅಂತ ಕೇಳಿಕೊಂಡು ಬಂದಿಲ್ಲವಲ್ಲ ಮೇಡಂ, ಎಂದು ಅವರು ನಗುತ್ತಾ ಹೇಳಿದರು. ಅದು ನಿಜವೂ ಆಗಿತ್ತು. ಬೇಕು ಎನ್ನಿಸುವುದಕ್ಕೂ ಅದೇ ಜಾಗ ಬೆಚ್ಚಗಿರಬೇಕಿತ್ತು. ಅವಳು ಆಯೋಗದ ಕೆಲಸ ಬಿಟ್ಟಳು. ಅವಳ ಕುರ್ಚಿಗೆ ಬೇರೆಯವರು ಬಂದರು, ಯಂತ್ರ ನಡೆಯುತ್ತಲೇ ಇತ್ತು.

ಮುಂದಿನ ವೈಶಾಖದಲ್ಲಿ ಅಶ್ವತ್ಥಮ್ಮನ ಮಗಳ ಮದುವೆ ಗೊತ್ತಾಯಿತು. ಅಶ್ವತ್ಥಮ್ಮ ಲಗ್ನಪತ್ರಿಕೆ ಹಿಡಿದು ಬಸ್ಸಿನಲ್ಲಿ ಬಂದು ಇಬ್ಬರನ್ನೂ ಕರೆದು ಹೋದಳು. ಮಾಲಿನಿ ಯಾಕೆ ಹೋಗಬೇಕು ಎಂದು ನಿಜವಾಗಿಯೂ ಅರ್ಥವಾಗದೆ ಕೇಳಿದಳು. ಇಂದ್ರಾಣಿ ಒಬ್ಬಳೇ ಹೋದಳು.

ಕೋಡಿಪೇಟೆ ಗುರುತು ಸಿಗದಂತಾಗಿತ್ತು. ಊರ ಬಾಗಿಲಲ್ಲೇ ಸಿಕ್ಕುವ ಗೂಡು ಬೇಯುವ ವಾಸನೆ, ಹೊಸಬರು ಮೂಗು ಮುಚ್ಚಿಕೊಳ್ಳುವ ವಾಸನೆ, ಅದೇ ಇರಲಿಲ್ಲ. ಕೆರೆಯ ಏರಿಯ ಮೇಲೆ ದಪ್ಪ ಕೊಳವೆಗಳು ಮಲಗಿದ್ದವು. ಮಾರುಕಟ್ಟೆಗೆ ಬೀಗ ಬಿದ್ದಿತ್ತು. ಆದರೂ ಅದರ ಮುಂದೆಯೇ ಚಪ್ಪರ ಹಾಕಿದ್ದರು.

"ಬಾ ತಾಯಿ, ಬಾ ಇಂದ್ರಮ್ಮ," ಎಂದು ಅಶ್ವತ್ಥಮ್ಮ ಕೈ ಹಿಡಿದುಕೊಂಡಳು. ಬಾಣಲೆ ಬಿಟ್ಟು ಬೆರಳುಗಳು ಒಣಗಿದ್ದವು. "ಮಾಲಿನಿ ಎಲ್ಲಿ? ಬರ್ಲಿಲ್ವಾ?"

"ಕೆಲಸ ಇತ್ತು ಅಶ್ವತ್ಥಮ್ಮ."

"ಇರುತ್ತೆ, ಇರುತ್ತೆ. ದೊಡ್ಡ ಕೆಲಸದಲ್ಲಿರೋಳು. ಕೆರೆ ವಿಷಯದಲ್ಲಿ ಅವಳು ಹೌದು ಅಂದ್ಲಂತೆ ಅಂತ ಊರಲ್ಲಿ ಏನೇನೋ ಆಡ್ಕೋತಾರೆ. ನಾನು ನಂಬಲ್ಲ ಕಣಮ್ಮ. ನನ್ನ ಮುಯ್ಯಿ ಅವಳ ತಲೆ ಮೇಲಿದೆ. ಅದನ್ನ ಇಟ್ಕೊಂಡು ಹಾಗೆ ಹೇಗೆ ಮಾಡ್ತಾಳೆ?"

ಅಶ್ವತ್ಥಮ್ಮ ಮಂಟಪದ ಕಡೆ ಕೈ ತೋರಿಸಿದಳು. "ಅಳಿಯನ್ನ ನೋಡಿದ್ಯಾ? ಧವಳಾದ್ರಿಲೇ ಕೆಲಸ. ಬಹಳ ಶುದ್ಧ ಹುಡುಗ, ಯಾರ ಮುಲಾಜಿಗೂ ಬೀಳಲ್ವಂತೆ. ಕೆಲಸಕ್ಕೆ ತಗೊಳ್ಳೋ ಮುಂಚೆ ಕಂಪನಿಯವರೇ ಅದ್ಯಾವುದೋ ಆಸ್ಪತ್ರೆಗೆ ಮೂರು ಸಲ ಕರ್ಕೊಂಡೋಗಿದ್ರಂತೆ, ಆಮೇಲೆ ಕಿವಿ ಹಿಂದೆ ದೃಷ್ಟಿಬೊಟ್ಟು ಅಂಟಿಸಿ ನೋಡಿದ್ರೆ ಸೊನ್ನೆ ಬಂತಂತೆ. ಈಗ ಎಲ್ಲಾ ಹುಡುಗರಿಗೂ ಮಾಡಿಸ್ತಾರಂತಲ್ಲ?"

ಹಸೆಮಣೆಯ ಮೇಲೆ ಕೂತ ಹುಡುಗ ಅತ್ತೆ ಕೈ ತೋರಿಸಿದ್ದನ್ನು ನೋಡಿ ನಕ್ಕ. ಚೌಡಪ್ಪ ನಕ್ಕ ನಗು, ಮಾಲಿನಿ ಕೈ ಒರೆಸಿಕೊಳ್ಳುತ್ತಾ ನಕ್ಕ ನಗು. ಅವನ ಪಕ್ಕದಲ್ಲಿ ಅಶ್ವತ್ಥಮ್ಮನ ಮಗಳು ತಲೆ ತಗ್ಗಿಸಿ, ಮೈಯೆಲ್ಲಾ ಸಂಭ್ರಮವಾಗಿ ಕೂತಿದ್ದಳು. ನಿಲ್ಲಿಸಿ ಎಂದು ಕೂಗಬೇಕೆನ್ನಿಸಿತು ಇಂದ್ರಾಣಿಗೆ. ಕೂಗಿ ಏನೆಂದು ಹೇಳುವುದು? ಹುಡುಗನಲ್ಲಿ ಯಾವ ದೋಷವೂ ಇಲ್ಲವೆಂದು ಅವಳ ಯಂತ್ರವೇ ಹೇಳಿತ್ತು. ಓಲಗ ಜೋರಾಯಿತು, ಅಕ್ಷತೆ ಬಿತ್ತು, ತಾಳಿ ಕಟ್ಟಿಯಾಯಿತು.

ಮುಯ್ಯಿಯ ತಟ್ಟೆ ಹೊರಟಿತು. ಇಂದ್ರಾಣಿ ತನ್ನದನ್ನು ಹಾಕಿದಳು. ಆಮೇಲೆ ಚೀಲದಿಂದ ಮಾಲಿನಿಯ ಹೆಸರಿನ ಸೀರೆ, ಅದರ ಮೇಲೆ ಹೆಚ್ಚಿಗೆಯ ಚೂರಿಗೆಂದು ಬೆಳ್ಳಿಯ ಒಂದು ಕುಂಕುಮದ ಭರಣಿ, ಎರಡನ್ನೂ ತೆಗೆದು ತಟ್ಟೆಯಲ್ಲಿಟ್ಟಳು. ಅಶ್ವತ್ಥಮ್ಮ ಅವನ್ನು ಎತ್ತಿ ಮೆಲ್ಲಗೆ ಅವಳ ಮಡಿಲಿಗೇ ಹಾಕಿದಳು.

"ಮಾಲಿನಿದು ಮಾಲಿನಿಯೇ ಬಂದು ಹಾಕ್ಬೇಕು ಕಣಮ್ಮ. ಬೇರೆಯವರು ಹಾಕಿದ್ರೆ ಅದು ಮುಯ್ಯಾಗಲ್ಲ. ಬರ್ತಾಳೆ ಬಿಡು, ನಂಗೇನು ಆತುರ?"

ತಟ್ಟೆ ಮುಂದೆ ಹೋಯಿತು. ಊರವರು ಇದ್ದಬದ್ದದ್ದನ್ನು ಹಾಕಿದರು. ಒಲೆ ಆರಿದ ಮನೆಗಳವರೂ ಸೆರ‌ಗಿನ ಗಂಟು ಬಿಚ್ಚಿದರು. ಕೊನೆಯ ಸಾಲಿನಲ್ಲಿ ಮದುಮಗನ ಗೆಳೆಯರು ಕೂತಿದ್ದರು, ಕಾರ್ಖಾನೆಯ ಹುಡುಗರು, ಇಸ್ತ್ರಿ ಮಾಡಿದ ಅಂಗಿ, ಒಬ್ಬೊಬ್ಬನ ಎಡಗಿವಿಯ ಹಿಂದೆಯೂ ಒಂದು ಕಪ್ಪು ಬೊಟ್ಟು. ಅವರಲ್ಲಿ ಅರ್ಧಕ್ಕರ್ಧ ಜನ ಕೋಡಿಪೇಟೆಯಲ್ಲೇ ಹುಟ್ಟಿ, ಇದೇ ಅಶ್ವತ್ಥಮ್ಮನ ಕೈಯಲ್ಲಿ ಬೆಲ್ಲ ತಿಂದು ಬೆಳೆದವರು. ಮೊದಲನೆಯವನು ತಟ್ಟೆಯನ್ನು ಎರಡೂ ಕೈಯಲ್ಲಿ ಮರ್ಯಾದೆಯಿಂದ ತೆಗೆದುಕೊಂಡು, ನೋಡಿ, ಪಕ್ಕದವನಿಗೆ ದಾಟಿಸಿದ. ಅವನು ಅದರಾಚೆಯವನಿಗೆ ದಾಟಿಸಿದ. ತಟ್ಟೆ ಹೋದ ಹಾಗೆಯೇ ವಾಪಸ್ ಬಂತು.

ಅಶ್ವತ್ಥಮ್ಮ ತಟ್ಟೆ ನೋಡಿದಳು. ಆ ಸಾಲಿನ ಕಡೆ ನೋಡಿದಳು. ಹುಡುಗರೆಲ್ಲ ಅವಳ ಕಡೆ ತಿರುಗಿ ಒಂದೇ ಸಮನೆ ನಕ್ಕರು. ಅವಳ ಮುಖದಲ್ಲಿ ಬೇಸರವಾಗಲಿ ಅನುಮಾನವಾಗಲಿ ಮೂಡಲಿಲ್ಲ. ತಟ್ಟೆ ಹಿಡಿದವನನ್ನೇ ಗದರಿಸಿದಳು.

"ಏನೋ ನೀನು, ಆ ಸಾಲನ್ನ ಬಿಟ್ಟೇಬಿಟ್ಯಲ್ಲ! ಪಾಪ, ಮಕ್ಕಳು ಏನಂದ್ಕೊಂಡಾವು? ಹೋಗು, ಇನ್ನೊಂದು ಸಲ ತಗೊಂಡೋಗು."